ಬಾವಿಯ ಮೆಟ್ಟಿಲ ಮೇಲೆ ಉಳಿದ ಚಪ್ಪಲಿ

ಅರವತ್ತರ ದಶಕದಲ್ಲಿ, ಅವ್ವನನ್ನು ನಮ್ಮೂರು ಕೊಡಂಬಲದಲ್ಲಿ ಬಿಟ್ಟು ಬಂದು, ಹುಮನಾಬಾದಿನ ಶಾಲೆಗೆ ಮಾಸ್ತರನಾಗಿ ಸೇರಿದ ಹೊಸದರಲ್ಲಿ ನನಗಿದ್ದದ್ದು ಒಂದೇ ಚಟ, ಬಾವಿಯ ತಳ ಮುಟ್ಟಿ ಬರುವುದು. ಭಾನುವಾರ ಬಂತೆಂದರೆ ಮೊದಲ ಬಸ್ಸಿಗೆ ಬಸವಕಲ್ಯಾಣಕ್ಕೆ ಓಡುತ್ತಿದ್ದೆ. ಅಲ್ಲಿನ ಇಬ್ಬರು ಗೆಳೆಯರ ಮತ್ತು ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರ ಜೊತೆಗೂಡಿ, ರಾಜೇಶ್ವರದ ದಾರಿಯ ಒಂದು ಹೊಲದಲ್ಲಿದ್ದ ಮೆಟ್ಟಿಲ ಬಾವಿಗೆ ಹೋಗುತ್ತಿದ್ದೆವು. ಮುಳುಗಿದವನು ತಳದ ಕೆಸರನ್ನು ಮುಷ್ಟಿಯಲ್ಲಿ ತಂದು ತೋರಿಸಬೇಕು. ಬರೀ ಬಾಯಿಮಾತು ನಡೆಯುತ್ತಿರಲಿಲ್ಲ.

ಚಾಚಾ ಪೇಟೆಯಲ್ಲಿ ತಗಡಿನ ಡಬ್ಬಿ, ಲಾಟೀನು ಬೆಸೆಯುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಒಂದು ಕಾಲಕ್ಕೆ ಅವರಷ್ಟು ದಮ್ಮು ಹಿಡಿಯುವವರು ಸುತ್ತಮುತ್ತ ಇರಲಿಲ್ಲವಂತೆ. ನೆಗಡಿಯಾಗಿದ್ದಾಗ ಹಟಕ್ಕೆ ಬಿದ್ದು ಮುಳುಗಿ ಎಡಗಿವಿಯ ತಮಟೆ ಹರಿದುಕೊಂಡಿದ್ದರು. ಇನ್ನೊಮ್ಮೆ ಮುಳುಗಿದರೆ ಆ ಕಿವಿ ಹೋದಂತೆಯೇ ಎಂದು ಡಾಕ್ಟರು ಹೇಳಿದ ಮೇಲೆ ಮೆಟ್ಟಿಲ ಮೇಲೆ ಕುಳಿತು ನಮ್ಮನ್ನು ಕಾಯುತ್ತಿದ್ದರು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಈಜು ಕಲಿಯುತ್ತಿದ್ದ ಗೆಳೆಯನೊಬ್ಬ, ಸೀಮೆಎಣ್ಣೆ ಡಬ್ಬಿಯ ಬಾಯಿ ಬೆಸೆದು ಕೊಡಿ, ಬೆನ್ನಿಗೆ ಕಟ್ಟಿಕೊಳ್ಳುತ್ತೇನೆ ಎಂದು ಕೇಳಿದ. "ನನ್ನ ಬೆಸಗಿ ಮ್ಯಾಲ ಚಹಾ ಕಾಸ್ರಿ, ಜೀವದ ಭರೋಸಾ ಇಡಬ್ಯಾಡ್ರಿ," ಎಂದು ಚಾಚಾ ಅವನಿಗೆ ಒಣಗಿದ ಸೋರೆ ಬುರುಡೆಗಳನ್ನೇ ಕಟ್ಟಿದರು. ಪುಣ್ಯಾತ್ಮನಿಗೆ ಬುರುಡೆ ಅಂದರೆ ಅವಮಾನ. ಮರುವಾರ ಮನ್ನಾಏಖೇಳ್ಳಿಯಿಂದ ಹಳೇ ಲಾರಿಯ ಟ್ಯೂಬು ತಂದ. ಅದು ಸೊಂಟಕ್ಕೆ ಜಾರಿ, ಕಾಲು ಮೇಲೆ ತಲೆ ಕೆಳಗಾಯಿತು. "ಲಾರಿ ಪಲ್ಟಿ ಆತಲ್ರಿ!" ಎನ್ನುತ್ತಲೇ ಚಾಚಾ ಅವನನ್ನು ಹಗ್ಗದಿಂದ ದಡಕ್ಕೆ ಎಳೆದರು.

ಬೇಗ ತಳಕ್ಕಿಳಿಯಲೆಂದು ನಾನು ಸೊಂಟಕ್ಕೆ ಕಲ್ಲು ಕಟ್ಟಿಕೊಂಡ ದಿನ ಮಾತ್ರ ಅವರು ನಗಲಿಲ್ಲ. "ಕಲ್ಲು ಕೈಯಾಗಿರಬೇಕ್ರಿ ಮಾಸ್ತರ. ಬ್ಯಾಡ ಅಂದಾಗ ಬಿಡಾಕ ಬರಬೇಕು," ಎಂದು ತಾವೇ ಗಂಟು ಬಿಚ್ಚಿದರು.

ಅವರದೊಂದು ಕಾಯಿದೆ ಇತ್ತು. ನೀರಿಗಿಳಿಯುವ ಮುನ್ನ ಎಲ್ಲರೂ ಚಪ್ಪಲಿಗಳನ್ನು ಅವರ ಮುಂದೆ ಸಾಲಾಗಿ ಬಿಡಬೇಕು. ಮೇಲೆ ಬಂದವನು ತಲೆ ಒರೆಸಿಕೊಳ್ಳುವ ಮೊದಲೇ ಚಪ್ಪಲಿ ಮೆಟ್ಟಬೇಕು. ಉಳಿದ ಜೋಡಿ ಯಾರದೋ ಅವನಿನ್ನೂ ನೀರಿನಲ್ಲಿದ್ದಾನೆ. ನಾವು ನಗುತ್ತಿದ್ದೆವು, ಆದರೂ ಪಾಲಿಸುತ್ತಿದ್ದೆವು.

ಒಂದು ಚಳಿಗಾಲದ ಬೆಳಿಗ್ಗೆ ನಾನು ತಳ ಮುಟ್ಟಿ ಎದುರು ದಡದಲ್ಲಿ ಎದ್ದೆ. ಹೊಲದ ಆ ಬದಿಯಲ್ಲಿ ಹೆಣ್ಣುಮಕ್ಕಳು ಸೀತನಿ ಸುಡುತ್ತಿದ್ದರು. ಎಳೆಜೋಳ ಸುಟ್ಟ ವಾಸನೆ ಮೂಗಿಗೆ ಬಡಿದರೆ ನನಗೆ ಹಿಂದುಮುಂದು ತಿಳಿಯುವುದಿಲ್ಲ. ಅತ್ತಕಡೆಯ ಮೆಟ್ಟಿಲು ಹತ್ತಿ ಬರಿಗಾಲಲ್ಲೇ ಹೋದೆ. ಚಾಚಾ ಈಚೆ ದಡದಲ್ಲಿ ಗೆಳೆಯನಿಗೆ ಬುರುಡೆ ಕಟ್ಟುವುದರಲ್ಲಿದ್ದರು, ನನ್ನನ್ನು ನೋಡಲಿಲ್ಲ; ನಾನೂ ಯಾರಿಗೂ ಹೇಳಲಿಲ್ಲ. ತಿಂದೆ, ಹರಟಿದೆ, ಬೆಂಕಿ ಕಾಯಿಸಿಕೊಂಡೆ.

ಮುಷ್ಟಿ ತುಂಬ ಸೀತನಿ ಹಿಡಿದು ತಿರುಗಿ ಬಂದಾಗ ಗೆಳೆಯರಿಬ್ಬರೂ ಮೆಟ್ಟಿಲ ಮೇಲೆ ಅಳುತ್ತ ನಿಂತಿದ್ದರು. ಚಾಚಾ ಕುಳಿತಿರುತ್ತಿದ್ದ ಜಾಗದಲ್ಲಿ ಅವರ ಅಂಗಿ ಇತ್ತು, ನನ್ನ ಚಪ್ಪಲಿ ಇದ್ದವು. ತಳ ಮುಟ್ಟುವ ದಮ್ಮು ಇದ್ದದ್ದು ನನ್ನನ್ನು ಬಿಟ್ಟರೆ ಅವರೊಬ್ಬರಿಗೇ. ಎರಡು ಸಲ ಮುಳುಗಿ, ಬರಿಗೈಲಿ ಎದ್ದು, ಮೂರನೆಯ ಸಲ ಮತ್ತೆ ಇಳಿದಿದ್ದರಂತೆ. ನಾನು ನೀರಿಗೆ ಹಾರುವಷ್ಟರಲ್ಲಿ ಅವರ ತಲೆ ಮೇಲೆದ್ದಿತು. ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ನನ್ನನ್ನು ಕಂಡರು. ಬೈಯುತ್ತಾರೆ, ಹೊಡೆಯುತ್ತಾರೆ ಅಂದುಕೊಂಡೆ. ಅವರು ಕೆಮ್ಮುತ್ತ ಮೆಟ್ಟಿಲಿಗೆ ಬಂದು, ಚಪ್ಪಲಿಗಳನ್ನು ನನ್ನ ಕಾಲ ಹತ್ತಿರ ಸರಿಸಿ, "ಹಾಕ್ಕೋ," ಎಂದರು. ನಾಚಿಕೆಯಿಂದ ನನಗೆ ಸಾಯುವಂತಾಯಿತು.

ಆ ಕಿವಿ ಮತ್ತೆ ಕೇಳಿಸಲಿಲ್ಲ. ಹುಮನಾಬಾದಿನ ಡಾಕ್ಟರಲ್ಲಿಗೆ ನಾನೇ ಕರೆದುಕೊಂಡು ಹೋದೆ, ಒಂದಲ್ಲ, ನಾಲ್ಕು ಸಲ. ಪ್ರಯೋಜನವಾಗಲಿಲ್ಲ. ಕೊನೆಯ ಸಲ ಬಸ್ಸಿಗೆ ಕಾಯುತ್ತ ಕುಳಿತಾಗ ಅವರ ಬಲಕ್ಕೆ ಸರಿದು, "ಚಾಚಾ, ನಿಮ್ಮ ಕಿವಿ ನಾನೇ ತಿಂದೆ. ನನ್ನ ಮಾಫ್ ಮಾಡ್ರಿ," ಎಂದೆ. ನನಗೆ ಅಳು ತಡೆಯಲಾಗಲಿಲ್ಲ.

ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಮೂರನೇ ಸಲ ಕೆಳಗ ಹೋದಾಗ, ಕೊಡಂಬಲಕ್ಕ ಹೋಗಿ ನಿಮ್ಮವ್ವನ ಮುಂದ ಏನಂತ ಹೇಳ್ಲಿ ಅಂತ ಮಾತು ಹುಡಕಾಕತ್ತಿದ್ದೆ. ಸಿಗಲಿಲ್ಲ. ಆ ಮಾತು ಹೇಳೂದು ತಪ್ಪಿತಲ್ಲ, ಕಿವಿ ಹೋದ್ರ ಹೋಗ್ಲಿ ಬಿಡು."