ದಾರ ಜಗ್ಗಿದ ಆಯಿ

ಗೇಣುದ್ದದ ದಬ್ಬಳವನ್ನು ಆಯಿ ತಮ್ಮ ತುರುಬಿಗೆ ಅಡ್ಡಲಾಗಿ ಸಿಕ್ಕಿಸಿಕೊಂಡಿರುತ್ತಿದ್ದರು. ಗೋಣಿಚೀಲ ಹೊಲಿಯುವ ಆ ದಪ್ಪ ಸೂಜಿಗೆ ಸುತಳಿ ಪೋಣಿಸಿಯೇ ಇರುತ್ತಿತ್ತು. ಅವರು ನಡೆದರೆ ಸುತಳಿಯ ತುದಿ ಬೆನ್ನ ಮೇಲೆ ತೂಗಾಡುತ್ತಿತ್ತು, ಅದನ್ನು ಹಿಡಿಯಲು ಒಂದೆರಡು ಮರಿಬೆಕ್ಕುಗಳು ನೆಗೆಯುತ್ತ ಹಿಂದೆ ಬರುತ್ತಿದ್ದವು. ಮೊದಲ ಸಲ ನೋಡಿದವರಿಗೆ ನಗು ಬರುತ್ತಿತ್ತು. ಆಯಿ ಒಮ್ಮೆ ತಿರುಗಿ ನೋಡಿದರೆ ಅವರು ಬೇರೆ ಕಡೆ ಮುಖ ಮಾಡುತ್ತಿದ್ದರು.

ಬೀದರಿನ ಕಾಳುಪೇಟೆ ಗಾಂಧಿ ಗಂಜಿನಲ್ಲಿ, ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ಒಂದು ಅಡತ ಅಂಗಡಿಯಲ್ಲಿ ನನಗೆ ಕಂಪ್ಯೂಟರ್ ಕೆಲಸ ಸಿಕ್ಕಾಗ ಇಪ್ಪತ್ತೆರಡು ವರ್ಷ. ಚಿದ್ರಿಯಿಂದ ಸ್ಕೂಟಿಯ ಮೇಲೆ ಬರುತ್ತಿದ್ದೆ. ಅಂಗಡಿಯ ಹಿಂದೆ ಗೋದಾಮು, ಗೋದಾಮಿನ ಪಕ್ಕ ತಗಡಿನ ಶೆಡ್ಡು. ಹರಿದ ಚೀಲಗಳ ರಾಶಿಯ ನಡುವೆ ಆಯಿ ಅಲ್ಲಿ ಕೂತಿರುತ್ತಿದ್ದರು. ಆ ಓಣಿಯಲ್ಲಿ ಕೂತು ಕೆಲಸ ಮಾಡುವ ಹೆಂಗಸರು ನಾವಿಬ್ಬರೇ, ನಾನು ಕುರ್ಚಿಯ ಮೇಲೆ, ಅವರು ಗೋಣಿಯ ಮೇಲೆ. ಅವರು ಭಾತಂಬ್ರಾದ ದಲಿತ ಕೇರಿಯ ಬೌದ್ಧ ಮನೆತನದವರು. ಮಗ ಭಾಲ್ಕಿಯಲ್ಲಿ ಶಾಲಾ ಮಾಸ್ತರು. ಕೆಲಸ ಬಿಟ್ಟು ಮನೆಗೆ ಬಾ ಎಂದು ಅವರು ಎಷ್ಟೋ ಸಲ ಕರೆದರು. “ನಿನ್ನ ಸಾಲಿ ನೀ ಬಿಡ್ತಿಯೇನು? ಮತ್ತ ನನ್ನ ಚೀಲ ನಾ ಯಾಕ ಬಿಡ್ಲಿ?” ಎಂದು ಆಯಿ ಮಗನ ಬಾಯಿ ಮುಚ್ಚಿಸುತ್ತಿದ್ದರು.

ಗಂಜಿನ ಬೆಕ್ಕುಗಳ ಬಗ್ಗೆ ಹೇಳದೆ ಆಯಿಯ ಬಗ್ಗೆ ಹೇಳಲಾಗದು. ಅವು ಯಾರ ಬೆಕ್ಕೂ ಅಲ್ಲ, ಹಾಗಾಗಿ ಎಲ್ಲರ ಬೆಕ್ಕು. ಕ್ವಿಂಟಲ್ ಭಾರ ಬೆನ್ನಿಗೇರಿಸಿಕೊಂಡ ಹಮಾಲರು ದಾರಿಯಲ್ಲಿ ಮಲಗಿದ ಬೆಕ್ಕನ್ನು ಸುತ್ತಿ ಬಳಸಿ ಹೋಗುತ್ತಿದ್ದರೇ ಹೊರತು ಹುಶ್ ಅನ್ನುತ್ತಿರಲಿಲ್ಲ. ಲಾರಿ ಡ್ರೈವರುಗಳು ಗಾಡಿ ಚಾಲೂ ಮಾಡುವ ಮೊದಲು ಬಾನೆಟ್ಟಿಗೆ ಎರಡು ಸಲ ಬಡಿದು, ಒಳಗೆ ಮಲಗಿದ್ದು ಎದ್ದು ಹೋಗಲೆಂದು ಕಾಯುತ್ತಿದ್ದರು. ಮೂಲೆಯ ಚಹಾ ಅಂಗಡಿಯ ಚಾಚಾ ಹಾಲಿನ ಕೆನೆಯನ್ನು ಗಿರಾಕಿಗೆ ಕೊಡದೆ ತೆಗೆದಿಡುತ್ತಿದ್ದರು. ಹೆಸರಿಡುವುದು ಮಾತ್ರ ಆಯಿಯ ಪಾಲು. ಕೆಂಚು ಬಣ್ಣದ್ದು ತೊಗರಿ, ಕರಿಯದು ಉದ್ದು, ಹಳದಿ ಬಿಳಿಯದು ಕಡ್ಲಿ. ಗಂಜಿನಲ್ಲಿ ನಿಂತು ಕಾಳಿನ ಹೆಸರು ಕೂಗಿದರೆ ಖರೀದಿದಾರರು ತಿರುಗಿ ನೋಡಬೇಕು. ಆಯಿ ಕೂಗಿದರೆ ಬೆಕ್ಕುಗಳು ಓಡಿ ಬರುತ್ತಿದ್ದವು.

ನಮ್ಮ ಮಾಲಕರಿಗೂ ತೊಗರಿಯ ಮೇಲೆ ಪ್ರೀತಿಯೇ ಇತ್ತು. ಆ ಬೆಕ್ಕು ಆಯಿಯ ಮಡಿಲಿನಿಂದ ಎದ್ದು, ಕಿಟಕಿಯಿಂದ ಆಫೀಸಿಗೆ ಹಾರಿ, ಮಾಲಕರ ಮೇಜಿನ ಮೇಲೆ ಅವರದೇ ಬಸಿಯಲ್ಲಿ ಹಾಲು ಕುಡಿಯುತ್ತಿತ್ತು. “ನಮ್ಮ ಮನಿ ಲಕ್ಷ್ಮಿ ಅದ ಇದು” ಎಂದು ಅವರು ಬಂದವರಿಗೆ ತೋರಿಸುತ್ತಿದ್ದರು.

ಅದೇ ಕಿಟಕಿಯ ಹೊರಗಟ್ಟೆಯ ಮೇಲೆ ಒಂದು ಸ್ಟೀಲಿನ ಗ್ಲಾಸು ಬೋರಲಾಗಿರುತ್ತಿತ್ತು. ಅದು ಆಯಿಯದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಮಾಲಕರು “ಆ ಗ್ಲಾಸ್ ಅಲ್ಲೇ ಇರ್ಲಿ, ಒಳಗ ತರಬ್ಯಾಡ” ಎಂದಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿಯೇ ತಿಳಿಯಬೇಕಾದಷ್ಟು ಅರಿಯದವಳೇನೂ ಆಗಿರಲಿಲ್ಲ. ದಿನಾ ಎರಡು ಹೊತ್ತು ಕೆಟಲಿನ ಮೂತಿ ತಾಗದಂತೆ ಮೇಲಿನಿಂದ ಚಹಾ ಸುರಿಯುತ್ತಿದ್ದವಳು ನಾನೇ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಆ ಚಹಾವನ್ನು ಆಯಿ ಒಂದು ದಿನವೂ ಕುಡಿಯಲಿಲ್ಲ. ತೆಗೆದುಕೊಂಡು ಹೋಗಿ, ಆರಿಸಿ, ತಗಡಿನ ಮುಚ್ಚಳಕ್ಕೆ ಸುರಿದು ಬೆಕ್ಕುಗಳ ಮುಂದೆ ಇಡುತ್ತಿದ್ದರು. ತಾವು ಕುಡಿಯುವುದು ಚಾಚಾನ ಅಂಗಡಿಯಲ್ಲಿ. ಅಲ್ಲಿ ಗ್ಲಾಸುಗಳೆಲ್ಲ ಒಂದೇ ಬಕೆಟ್ಟಿನಲ್ಲಿ ತೊಳೆದವು. “ಬಿಲ್ಲಿ ಬಾಯಿ ಹಾಕಿದ್ದಕ್ಕೇ ನಾವು ಎಂಜಲ ಅನ್ನಂಗಿಲ್ಲ, ಪಾಕ್ ಜಾನವರ, ಶುದ್ಧ ಪ್ರಾಣಿ ಅದು. ಮತ್ತ ಮನಷ್ಯಾರದು ಹ್ಯಾಂಗ ಎಂಜಲಾಗ್ತದ ಆಯಿ?” ಎಂದು ಚಾಚಾ ನನಗೆ ಕೇಳುವಂತೆಯೇ ಹೇಳುತ್ತಿದ್ದರು. ಒಂದು ದಿನ ತೊಗರಿ ಕಿಟಕಿ ಹಾರಿ ಒಳಗೆ ಬಂದಾಗ ಆಯಿ ಹೊರಗಿನಿಂದ ನನ್ನನ್ನು ಕರೆದರು. “ನೋಡಿದಿ ಏನ್ ತಂಗಿ? ಈಗ ನನ್ನ ಮಡಿಲಾಗಿಂದ ಎದ್ದು ಹೋಗ್ಯಾದ. ಅದಕ ಯಾರೂ ಹೊರಗ ನಿಲ್ಲು ಅನ್ನಂಗಿಲ್ಲ.” ನಾನು ಕಂಪ್ಯೂಟರಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಮಾಲಕರ ಆ ಲಕ್ಷ್ಮಿಯ ಗ್ರಹಚಾರ ಕೆಟ್ಟದ್ದು ತೊಗರಿ ಸುಗ್ಗಿಯಲ್ಲಿ. ಹೈದರಾಬಾದಿನ ದೊಡ್ಡ ಖರೀದಿದಾರರೊಬ್ಬರು ಮಾಲು ನೋಡಲು ಬಂದರು. ಕಾರಿನಿಂದ ಇಳಿದು ಗೋದಾಮಿನ ಬಾಗಿಲಿಗೆ ಹೆಜ್ಜೆ ಇಡಬೇಕು, ಅಷ್ಟರಲ್ಲಿ ತೊಗರಿ ಬಾಲ ನೆಟ್ಟಗೆ ಮಾಡಿಕೊಂಡು ಅಡ್ಡ ದಾಟಿತು. ಆಮೇಲೆ ಉದ್ದು ದಾಟಿತು. ಆಮೇಲೆ ಕಡ್ಲಿ, ಅವಸರವೇ ಇಲ್ಲದಂತೆ, ನಡುವೆ ಕೂತು ಪಾದ ನೆಕ್ಕಿಕೊಂಡಿತು. ಆ ಮನುಷ್ಯ ಕಾರಿನಲ್ಲಿ ಕೂತು ಐದು ನಿಮಿಷ ಕಾದು, ನೀರು ಕುಡಿದು, ಕೊನೆಗೆ ಕಾರು ತಿರುಗಿಸಿಕೊಂಡು ಹೋಗಿಬಿಟ್ಟರು.

ಮಾಲಕರು ಕೆಂಡವಾದರು. ಮರುದಿನ ಒಂದು ಲಾರಿ ಔರಾದ್ ಕಡೆ ಹೊರಡುವುದಿತ್ತು. ಗೋದಾಮಿನ ಬೆಕ್ಕುಗಳನ್ನೆಲ್ಲ ಹಿಡಿದು ಚೀಲದಲ್ಲಿ ತುಂಬಿ, ಔರಾದ್ ದಾಟಿ ಎಲ್ಲಾದರೂ ಬಿಟ್ಟು ಬರಬೇಕೆಂದು ಅಪ್ಪಣೆಯಾಯಿತು. ಹಗ್ಗ ಕಟ್ಟಿದರೆ ಬೆಕ್ಕು ಬಿಚ್ಚಿಕೊಳ್ಳುತ್ತದೆ, ಚೀಲದ ಬಾಯಿ ಹೊಲಿಯಬೇಕು. ಹೊಲಿಯುವವರು ಯಾರು? “ಆಯಿಗಿ ಹೇಳು” ಎಂದು ನನ್ನನ್ನೇ ಕಳಿಸಿದರು.

ನಾನು ಹೋಗಿ ಹೇಳಿದೆ. ಆಯಿ ಜಗಳ ಮಾಡುತ್ತಾರೆ, ಅಳುತ್ತಾರೆ, ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಚೀಲಕ್ಕೆ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, “ಹೊಲಿತೇನಿ ಅಂತ ಹೇಳು” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. “ನಿಮ್ಮ ಮಡಿಲಾಗೇ ಬೆಳದಾವಲ್ರಿ ಆಯಿ, ನಿಮಗ ಮನಸ್ಸರೆ ಹ್ಯಾಂಗ ಬರ್ತದ?”

“ನೀ ಹೋಗಿ ಚಹಾ ಸುರಿ ಹೋಗು” ಎಂದರು ಆಯಿ.

ಮರುದಿನ ಮುಂಜಾನೆ ಹಮಾಲರು ಒಲ್ಲದ ಮನಸ್ಸಿನಿಂದ ಒಣಮೀನು ತೋರಿಸಿ ಬೆಕ್ಕುಗಳನ್ನು ಹಿಡಿದರು. ಮರಿಗಳೂ ಸೇರಿ ಒಂಬತ್ತು. ನಾಲ್ಕು ಚೀಲ. ಓಣಿಯವರೆಲ್ಲ ಕೆಲಸ ಬಿಟ್ಟು ನಿಂತಿದ್ದರು. ಚಾಚಾ ಮಾತ್ರ “ಗುನಾಹ್ ಅದ, ಪಾಪ ಅದ” ಎಂದು ಒಲೆಯ ಮುಂದೆ ಗೊಣಗುತ್ತಿದ್ದರು. ಆಯಿ ಬಂದರು, ತುರುಬಿನಿಂದ ದಬ್ಬಳ ಕಿತ್ತುಕೊಂಡು ಕೂತರು, ಒಂದಾದ ಮೇಲೊಂದು ಚೀಲದ ಬಾಯಿ ಹೊಲಿದರು. ಹಮಾಲರು ಲಾರಿಯ ಹಿಂಬದಿಯ ಅಂಚಿಗೆ ನಾಲ್ಕೂ ಚೀಲ ಏರಿಸಿದರು. ಒಳಗಿನ ಕೂಗು ಕೇಳಲಾಗದೆ ನಾನು ಕಿವಿ ಮುಚ್ಚಿಕೊಂಡಿದ್ದೆ.

ಲಾರಿ ಹೊರಟಿತು. ಆಯಿ ಅದರ ಹಿಂದೆ, ನಡುರಸ್ತೆಯಲ್ಲಿ, ಮುಷ್ಟಿ ಬಿಗಿಹಿಡಿದು ನಿಂತಿದ್ದರು. ಮುಷ್ಟಿಯಲ್ಲಿ ನಾಲ್ಕು ದಾರದ ತುದಿಗಳಿದ್ದವು.

ಮಿಲ್ಲಿನಿಂದ ಬಂದ ಬೇಳೆಯ ಚೀಲವನ್ನು ನೀವೂ ಬಿಚ್ಚಿರುತ್ತೀರಿ. ಸರಿಯಾದ ಕಡೆಯ ಎಳೆಯೊಂದನ್ನು ಹಿಡಿದು ಜಗ್ಗಿದರೆ ಇಡೀ ಹೊಲಿಗೆ ಸರ್ರೆಂದು ಬಿಚ್ಚಿಕೊಳ್ಳುತ್ತದೆ. ಯಂತ್ರ ಹಾಕುವ ಆ ಹೊಲಿಗೆಯನ್ನು ಆಯಿ ಅಂದು ಕೈಯಿಂದ ಹಾಕಿದ್ದರು. ಲಾರಿ ಹತ್ತು ಹೆಜ್ಜೆ ಮುಂದೆ ಹೋಗಿರಬಹುದು, ನಾಲ್ಕೂ ಚೀಲಗಳ ಬಾಯಿ ಒಟ್ಟಿಗೇ ತೆರೆದುಕೊಂಡವು. ಮೊದಲು ಉದ್ದು ಹಾರಿತು. ಆಮೇಲೆ ಕಡ್ಲಿ. ಕಡೆಗೆ ತೊಗರಿ, ಬಾಯಲ್ಲಿ ಒಂದು ಮರಿಯನ್ನು ಕಚ್ಚಿಕೊಂಡು. ಹಮಾಲರು ಸೀಟಿ ಹೊಡೆದರು. ಡ್ರೈವರು ಇಂಜಿನ್ ಬಂದ್ ಮಾಡಿ, ಮಿಕ್ಕ ಮರಿಗಳನ್ನು ತಾನೇ ಹಿಡಿದು ಕೆಳಗಿಳಿಸಿ, “ಗಾಡಿ ಚಾಲೂ ಆಗ್ವಲ್ದು ನೋಡ್ರಿ” ಎಂದು ಅಪ್ಪಟ ಸುಳ್ಳು ಹೇಳಿದ. ನಾನು ಕಿವಿಯಿಂದ ಕೈ ತೆಗೆದೆ.

ಮಾಲಕರು ಹೊರಗೆ ಓಡಿ ಬಂದರು. “ಏನ್ ಮಾಡ್ದಿ ನೀ? ತಲಿ ಕೆಟ್ಟದೇನು?”

ಆಯಿ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು: “ಚೀಲದಾಗ ಕಾಳ ತುಂಬ್ತಾರ್ರಿ, ಜೀವ ತುಂಬಂಗಿಲ್ಲ. ಬೆಕ್ಕ ಅಡ್ಡ ಬಂದ್ರ ಸೌದಾ ಮುರೀತದ ಅಂತೀರಿ. ಮೂವತ್ತ ವರ್ಷ ಆಯ್ತು, ದಿನಾ ಮುಂಜಾನಿ ಅವುಗಳ ಮಾರಿ ನೋಡೇ ನಾ ದಬ್ಬಳ ಹಿಡೀತೇನಿ. ನಿಮ್ಮ ಒಂದ್ ಚೀಲರೆ ದಾರ್ಯಾಗ ಬಿಚ್ಚ್ಯಾದೇನು? ಇವತ್ತ ಬಿಚ್ಚಬೇಕು ಅಂದೆ, ಬಿಚ್ಚಿತು.”

ಓಣಿಯ ಎದುರು ಹೀಗೆ ಅನ್ನಿಸಿಕೊಂಡ ಮೇಲೆ ಮಾಲಕರು ಸುಮ್ಮನಿರುವವರಲ್ಲ. ಅಂದೇ ನನ್ನನ್ನು ಕರೆದು ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ. ಶೆಡ್ಡನ್ನು ಆಯಿ ಇಂದೇ ಖಾಲಿ ಮಾಡಬೇಕು, ಗೋದಾಮಿನ ಗೇಟಿನೊಳಗೆ ಕಾಲಿಡಕೂಡದು. ಬೆರಳು ನಿಲ್ಲಲಿಲ್ಲ. ಕೆಲಸ ಹೋದೀತೆಂಬ ಭಯ. ಬೇರೆ ಕಾರಣ ಹುಡುಕಿದರೆ ಸುಳ್ಳಾಗುತ್ತದೆ.

ಕಾಗದ ಕೊಡಲು ಹೋದವಳೂ ನಾನೇ. “ಓದು” ಎಂದರು ಆಯಿ. ಓದಿದೆ. ಪೂರ್ತಿ ಕೇಳಿಸಿಕೊಂಡು, “ಯಾರ ಬರದಾರಿದು?” ಎಂದರು.

“ಹೇಳಿದವ್ರು ಮಾಲಕರು. ಟೈಪ್ ಮಾಡ್ದಾಕಿ ನಾನು, ಆಯಿ.”

ಕಾಗದ ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದರು. “ಅಕ್ಷರ ಚಂದ ಅವ” ಎಂದರು. ಎದ್ದು ಹೋದರು. ಬೈದಿದ್ದರೆ ನಾನು ಅದನ್ನು ಎಂದೋ ಮರೆಯುತ್ತಿದ್ದೆ.

ಹೋದವರು ದೂರವೇನೂ ಹೋಗಲಿಲ್ಲ. ಗೇಟಿನ ಹೊರಗೆ, ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಗೋಣಿ ಹಾಸಿದರು. ಅದು ಮಾಲಕರ ಜಾಗವಲ್ಲ. ಹಮಾಲರು ಹರಿದ ಚೀಲಗಳನ್ನು ಹೊತ್ತು ಅಲ್ಲಿಗೇ ಒಯ್ಯತೊಡಗಿದರು. ಬೇರೆಯವರು ಹೊಲಿದ ಚೀಲ ನಾವು ಬೆನ್ನಿಗೆ ಏರಿಸುವುದಿಲ್ಲ ಎಂದುಬಿಟ್ಟರು. ಬೆಕ್ಕುಗಳಂತೂ ಯಾರಿಗೂ ಹೇಳದೆ ಕೇಳದೆ ಮರದ ಕೆಳಗೆ ಬಿಡಾರ ಹೂಡಿದವು. ಗೋದಾಮಿನಲ್ಲಿ ಇಲಿಗಳ ರಾಜ್ಯ ಶುರುವಾಯಿತು. ಮಳೆಗಾಲ ಬರುವಷ್ಟರಲ್ಲಿ ಮಾಲಕರು ಮೆತ್ತಗಾದರು. “ಒಳಗ ಬಂದು ಕೂಡು ಅಂತ ಹೇಳು. ಬೆಕ್ಕಗೋಳ್ನೂ ಕರಕೊಂಡು ಬಾ ಅನ್ನು” ಎಂದು ನನ್ನ ಕೈಯಲ್ಲಿ ಹೇಳಿ ಕಳಿಸಿದರು.

ಆಯಿ ಕೈಯ ಕೆಲಸ ಬಿಡದೆ ಉತ್ತರ ಕೊಟ್ಟರು. “ಬರ್ತೇನಿ. ಒಳಗಿನ ಕಪ್ಪಿನಾಗ ಚಹಾ ತಗೊಂಡು ಮಾಲಕರು ಇಲ್ಲೀತನಾ ಬರ್ಲಿ. ನಾ ಕುಡಿತೇನಿ, ಅವರೂ ಕುಡೀಲಿ. ಆಮ್ಯಾಲ ಇಬ್ಬರೂ ಕೂಡೇ ಒಳಗ ಹೋಗ್ತೇವಿ.”

ಮಾಲಕರು ಬರಲಿಲ್ಲ. ಮೂರು ದಿನ ಕಾದು, ನಾಲ್ಕನೆಯ ದಿನ ನಾನು ಒಳಗಿನ ಎರಡು ಕಪ್ಪುಗಳಲ್ಲಿ ಚಹಾ ಹಾಕಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ಗೇಟು ದಾಟಿದೆ. ಆಯಿ ನನ್ನ ಮುಖವನ್ನೂ ಕಪ್ಪನ್ನೂ ನೋಡಿದರು. ಗೋಣಿಯ ಮೇಲಿದ್ದ ಕಡ್ಲಿಯನ್ನು ಸರಿಸಿ ಜಾಗ ಮಾಡಿದರು. “ನೀನರೆ ಬಂದಿಯಲ್ಲ, ಕೂಡು.” ನಾನು ತಂದ ಚಹಾವನ್ನು ಅವರು ಕುಡಿದದ್ದು ಅದೇ ಮೊದಲು. ಆಮೇಲೆ ದಿನಾ ಕುಡಿದೆವು. ಒಳಗೆ ಮಾತ್ರ ಅವರು ಕೊನೆಯವರೆಗೂ ಕಾಲಿಡಲಿಲ್ಲ.

ಎರಡು ಚಳಿಗಾಲದ ಆಚೆ ಅವರಿಗೆ ಎದೆನೋವು ಬಂದು ಮಗ ಭಾತಂಬ್ರಾಕ್ಕೆ ಕರೆದೊಯ್ದರು. ತಿಂಗಳೊಳಗೆ ಹೋಗಿಬಿಟ್ಟರು. ಚಾಚಾ, ನಾಲ್ವರು ಹಮಾಲರು, ನಾನು ಭಾಲ್ಕಿಯ ಬಸ್ಸು ಹಿಡಿದು ಮಣ್ಣಿಗೆ ಹೋದೆವು. ಬುದ್ಧವಂದನೆ ಮುಗಿದ ಮೇಲೆ ಮಗ ನನ್ನ ಹತ್ತಿರ ಬಂದು, “ನೀವೇ ಏನ್ರಿ ಕಂಪ್ಯೂಟರ್ ಬಾಯಿ? ಅವ್ವ ನಿಮ್ಮನ್ನ ಭಾಳ ನೆನಿಸ್ತಿದ್ಲು” ಎಂದರು. ಏನನ್ನುತ್ತಿದ್ದರು ಎಂದು ಕೇಳಿದೆ. ಅವರು ಸ್ವಲ್ಪ ಹಿಂಜರಿದರು. “ಆ ಹುಡಗಿ ಇನ್ನೂ ಅವ್ರು ಹೇಳಿದ್ದೆಲ್ಲಾ ಟೈಪ್ ಮಾಡ್ತಾಳೇನು ಅಂತ ಕೇಳ್ತಿದ್ಲು.”

ಬೇವಿನ ಮರದ ಕೆಳಗೆ ಈಗ ಆಯಿಯ ಸೋದರ ಸೊಸೆ ಕೂತು ಚೀಲ ಹೊಲಿಯುತ್ತಾಳೆ. ಹಮಾಲರು ಬುತ್ತಿಯಲ್ಲಿ ಉಳಿದ ಅನ್ನವನ್ನು ಅಲ್ಲೇ ಹಾಕುತ್ತಾರೆ. ಬೆಕ್ಕುಗಳು ಹೆಚ್ಚಿವೆ, ಕಾಳಿನ ಹೆಸರು ಸಾಲದೆ ಎಣ್ಣೆಬೀಜಕ್ಕೆ ಇಳಿದಿದ್ದೇವೆ. ಹೋದ ತಿಂಗಳು ಮಾಲಕರು ನನ್ನನ್ನು ಕರೆದು ಮತ್ತೆ ಹೇಳತೊಡಗಿದರು: ಗೇಟಿನ ಎದುರು ಯಾರೂ ಕೂಡಬಾರದು, ಬೆಕ್ಕುಗಳಿಗೆ ಯಾರೂ ಅನ್ನ ಹಾಕಬಾರದು.

ನಾನು ಕೈಗಳನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. “ಇದು ನನ್ನಿಂದ ಆಗಂಗಿಲ್ರಿ.”

“ಯಾಕ ಆಗಂಗಿಲ್ಲ?”

“ನಾ ಬರೆಯಂಗಿಲ್ಲ, ಅದಕ್ಕ ಆಗಂಗಿಲ್ರಿ.”

ಮಾಲಕರು ತಾವೇ ಪೆನ್ನು ಹಿಡಿದು ದಪ್ಪ ಅಕ್ಷರದಲ್ಲಿ ಬರೆದು, ತಾವೇ ಅಂಟು ಹಚ್ಚಿ ಗೇಟಿಗೆ ಅಂಟಿಸಿದರು. ಮಧ್ಯಾಹ್ನ ಅವರು ಊಟ ಮುಗಿಸಿ ಬರುವಷ್ಟರಲ್ಲಿ ಗೇಟಿನ ಮೇಲೆ ಕಾಗದವಿರಲಿಲ್ಲ. ಹಮಾಲರನ್ನು ಕೇಳಿದರು, ಗೊತ್ತಿಲ್ಲವೆಂದರು. ಚಾಚಾನನ್ನು ಕೇಳಿದರು. ಆ ಸೊಸೆಯನ್ನು ನಿಲ್ಲಿಸಿ ಗದರಿಸಿದರು. ಯಾರು ಹರಿದರು, ಯಾರು ಹರಿದರು ಎಂದು ಇವತ್ತಿಗೂ ಕೇಳುತ್ತಲೇ ಇದ್ದಾರೆ.

ಹರಿದವಳು ನಾನು. ಇಲ್ಲಿ ಬರೆದಿಟ್ಟಿದ್ದೇನೆ, ಓದಿಕೊಳ್ಳಲಿ.