ಪರದೆ ನೋಡದೆ ಬರೆಯುತ್ತಿದ್ದ ಕೌಂಟರ್ ಅಕ್ಕ

ಕೌಂಟರ್ ಅಕ್ಕನನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯ ನೋಂದಣಿ ಕಿಟಕಿಯ ಒಳಗಡೆ. ಅಲ್ಲಿನ ಸ್ಕ್ರೀನ್ ಯಾಕೆ ಅಷ್ಟು ನಿಧಾನ ಎಂದು ನೋಡಿ ವರದಿ ಬರೆಯಲು ಸಾಫ್ಟ್‌ವೇರ್ ಕಂಪನಿ ನನ್ನನ್ನು ಕಳಿಸಿತ್ತು. ಗಾಜಿನ ಆಚೆ ರೋಗಿಗಳ ಸಾಲು ಹೊರಬಾಗಿಲು ಮುಟ್ಟಿತ್ತು. ಒಳಗೆ ಮೂರು ಕುರ್ಚಿ. ಮೂಲೆಯ ಕುರ್ಚಿಯ ಬೆನ್ನಿಗೆ ಹಳೆಯ ಸ್ವೆಟರ್ ನೇತಾಡುತ್ತಿತ್ತು, ಕೀಬೋರ್ಡಿನ ಕೆಳಗೆ ಮಡಚಿದ ಟವಲು. ಅಲ್ಲಿ ಕೂತಿದ್ದ ನಡುವಯಸ್ಸಿನ ಹೆಂಗಸು ನನ್ನನ್ನು ಕಂಡು ಕಾಲಿನಿಂದಲೇ ಒಂದು ಸ್ಟೂಲನ್ನು ಈಚೆ ತಳ್ಳಿದರು. ಬೆರಳು ಮಾತ್ರ ನಿಲ್ಲಲಿಲ್ಲ.

“ಕೂತ್ಕೊ ತಮ್ಮ. ನೀನು ನಿಂತ್ಕೊಂಡಿದ್ದೀಯ ಅಂತ ಈ ಸ್ಕ್ರೀನೇನು ಬೇಗ ಓಡಲ್ಲ,” ಎಂದರು.

ಹೆಸರು, ವಯಸ್ಸಿನಿಂದ ಹಿಡಿದು ಹಳೆಯ ಕಾಯಿಲೆ, ಅಲರ್ಜಿ, ವಿಮೆಯವರೆಗೆ ನೂರಾರು ಖಾನೆಗಳು ಒಂದೇ ಉದ್ದನೆಯ ಪುಟದಲ್ಲಿದ್ದವು. ಮೌಸಿನ ಚಕ್ರ ತಿರುಗಿಸಿದಾಗಲೆಲ್ಲ ಕಂಪ್ಯೂಟರು ಕಣ್ಣಿಗೆ ಕಾಣದ ಖಾನೆಗಳನ್ನೂ ಸೇರಿಸಿ ಎಲ್ಲವನ್ನೂ ಮತ್ತೆ ಬಿಡಿಸಬೇಕಿತ್ತು. ಅದಕ್ಕೇ ಪುಟ ಕುಂಟುತ್ತಿತ್ತು, ನಿಲ್ಲುತ್ತಿತ್ತು, ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು. ಪಕ್ಕದ ಇಬ್ಬರು ಹುಡುಗಿಯರು ಗಲ್ಲಕ್ಕೆ ಕೈಕೊಟ್ಟು ಕಾಯುತ್ತಿದ್ದರು. ಅಕ್ಕ ಮೌಸನ್ನು ಮುಟ್ಟುತ್ತಲೇ ಇರಲಿಲ್ಲ. ಆ ಜಿಗಿತ ನೋಡಿದರೆ ಅವರಿಗೆ ತಲೆ ಸುತ್ತುತ್ತಿತ್ತಂತೆ. ಒಂದು ಖಾನೆಯಿಂದ ಮುಂದಿನದಕ್ಕೆ ದಾಟಿಸುವ ಟ್ಯಾಬ್ ಕೀಲಿಯನ್ನೇ ಅವರು ನಂಬಿದ್ದರು. ಮದುವೆಗೆ ಮುಂಚೆ ಟೈಪಿಂಗ್ ಕಲಿತ ಕೈ ಅದು. ಊರಿನ ಖಾನೆಗೆ ಎಷ್ಟು ಟ್ಯಾಬ್, ನೋವಿನ ಖಾನೆಗೆ ಎಷ್ಟು ಟ್ಯಾಬ್ ಎಂಬುದು ಬೆರಳಿಗೇ ಗೊತ್ತಿತ್ತು. ಕಣ್ಣು ಕಿಟಕಿಯ ಆಚೆಗಿನ ಮುಖದ ಮೇಲಿರುತ್ತಿತ್ತು.

ಊಟದ ಬಿಡುವಿನಲ್ಲಿ ಮನೆಯ ವಿಷಯ ಹೇಳಿದರು. ಗಂಡ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ಹಗಲು ನಾದಿನಿ ಬಂದು ನೋಡಿಕೊಳ್ಳುತ್ತಿದ್ದಳು, ಸಂಜೆಯಾದರೆ ಅವಳು ತನ್ನ ಮಕ್ಕಳ ಬಳಿ ಹೋಗಬೇಕು. ಆಸ್ಪತ್ರೆಯಲ್ಲಿ ಬರೀ ಹಗಲು ಪಾಳಿ ಇದ್ದದ್ದು ಕೌಂಟರಿಗೆ ಮಾತ್ರ. ಈ ಕುರ್ಚಿ ಹೋದರೆ ರಾತ್ರಿ ಹೊತ್ತು ಗಂಡನ ಮಗ್ಗುಲು ಬದಲಿಸುವವರು ಯಾರೂ ಇರಲಿಲ್ಲ.

ನಾನು ವರದಿ ಬರೆದೆ. ಕೆಲವು ವಾರಗಳಲ್ಲಿ ನಮ್ಮ ಕಂಪನಿಯ ಮುಖ್ಯ ಕಚೇರಿಯವರು ಸ್ಕ್ರೀನಿನ ಹೊಸ ಆವೃತ್ತಿ ಕಳಿಸಿದರು. ಅದರಲ್ಲಿ ಕಣ್ಣಿಗೆ ಕಾಣುವ ಖಾನೆಗಳು ಮಾತ್ರ ಇರುತ್ತಿದ್ದವು. ಉಳಿದವು ಪುಟ ಸರಿಸಿದಂತೆ ಹುಟ್ಟಿಕೊಳ್ಳುತ್ತಿದ್ದವು. ಚಕ್ರ ತಿರುಗಿಸಿದರೆ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಪುಟ ಸರಿಯಿತು. ಆಸ್ಪತ್ರೆಯ ಸೂಪರ್‌ವೈಸರ್ ತಾವೇ ಬಂದು ಮೇಲೂ ಕೆಳಗೂ ಆಡಿಸಿ ನೋಡಿ ಖುಷಿಪಟ್ಟರು. ಹುಡುಗಿಯರ ಮುಂದಿನ ರೋಗಿಗಳ ಸಾಲು ಕರಗತೊಡಗಿತು.

ಹೊರಗಿನ ಧ್ವನಿವರ್ಧಕ ರೋಗಿಗಳ ಹೆಸರನ್ನು ಕಂಪ್ಯೂಟರಿನಿಂದಲೇ ತೆಗೆದುಕೊಂಡು ಕೂಗುತ್ತಿತ್ತು. ಅಂದು ಮಧ್ಯಾಹ್ನ ಅದು, “ಎಡ ಮೊಣಕಾಲು ನೋವು, ಮೂರನೇ ಕೋಣೆಗೆ ಬನ್ನಿ,” ಎಂದಿತು.

“ನಂದು ಬಲಗಾಲು. ನನ್ನನ್ನ ಯಾವಾಗ ಕರೀತೀರಿ?” ಎಂದು ಸಾಲಿನಲ್ಲಿದ್ದ ಒಬ್ಬ ಅಜ್ಜ ಕೇಳಿದ. ಎಲ್ಲರೂ ನಕ್ಕರು, ಅಕ್ಕನೂ ನಕ್ಕರು. ಅದು ಹೋದದ್ದು ತಮ್ಮ ಕಿಟಕಿಯಿಂದಲೇ ಎಂದು ಅವರಿಗಿನ್ನೂ ಗೊತ್ತಾಗಿರಲಿಲ್ಲ.

ಆದದ್ದು ಇಷ್ಟೇ. ಕಾಣುವ ಕೊನೆಯ ಖಾನೆಗೆ ಬಂದಾಗ ಮುಂದಿನ ಖಾನೆ ಇನ್ನೂ ಹುಟ್ಟಿರುತ್ತಿರಲಿಲ್ಲ. ಹೋಗಲು ಜಾಗವಿಲ್ಲದೆ ಟ್ಯಾಬ್ ಮೊದಲಿಗೇ, ಹೆಸರಿನ ಖಾನೆಗೇ, ಮರಳುತ್ತಿತ್ತು. ಮುಖ ನೋಡುತ್ತಾ ಬರೆಯುತ್ತಿದ್ದ ಅಕ್ಕ ಗೊತ್ತಿಲ್ಲದೆ ಹೆಸರಿನ ಜಾಗದಲ್ಲೇ ನೋವನ್ನು ಬರೆದುಬಿಟ್ಟಿದ್ದರು.

ಮುಖ್ಯ ಕಚೇರಿಗೆ ಬರೆದೆ, ಫೋನೂ ಮಾಡಿದೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಹಳ್ಳಿಯಲ್ಲಿ ಯಾರ ಅರ್ಜಿಯಿದ್ದರೂ ನಾನು ಬರೆದರೆ ಕೆಲಸ ಆಗುತ್ತದೆಂದು ನಂಬಿದ್ದರು. ಇಲ್ಲಿ ಆಗಲಿಲ್ಲ. ಎಲ್ಲ ಆಸ್ಪತ್ರೆಗಳಿಂದಲೂ ಮೆಚ್ಚುಗೆ ಬಂದಿದೆ, ಒಬ್ಬರಿಗೋಸ್ಕರ ಬದಲಾಯಿಸಲಾಗದು, ಅವರಿಗೆ ಮೌಸ್ ಹಿಡಿಯಲು ಕಲಿಸಿ ಎಂದರು.

ಕಲಿಸಿದೆ. ಅಕ್ಕ ಮೌಸನ್ನು ಬಿಸಿ ಪಾತ್ರೆಯಂತೆ ಹಿಡಿಯುತ್ತಿದ್ದರು. ಚಕ್ರ ತಿರುಗಿಸಿ ರೋಗಿಯ ಕಡೆ ನೋಡುವಷ್ಟರಲ್ಲಿ ಖಾನೆ ತಪ್ಪುತ್ತಿತ್ತು. ಮರೆತು ಮತ್ತೆ ಟ್ಯಾಬ್ ಒತ್ತುತ್ತಿದ್ದರು. ಒಬ್ಬ ರೋಗಿಯ ಹೆಸರಿದ್ದಲ್ಲಿ ‘ಜ್ವರ’ ಎಂದು ಸೇರಿಹೋಗಿ, ಅವನ ಎಕ್ಸ್‌ರೇ ಇಡೀ ದಿನ ಸಿಗಲಿಲ್ಲ. ಸೂಪರ್‌ವೈಸರ್ ಕಿಟಕಿಯ ಬಳಿ ಬಂದು ನಿಂತರು.

“ನನ್ನ ಕೈಲಿ ಏನೂ ಇಲ್ಲ ಅಕ್ಕ. ಮೇಲಿನವರು ಈ ಕುರ್ಚಿಗೆ ಬೇರೆಯವರನ್ನ ಕೂರ್ಸಿ ಅಂತಿದ್ದಾರೆ,” ಎಂದರು ನೆಲ ನೋಡುತ್ತಾ.

ಅಕ್ಕ ನನ್ನ ಕಡೆ ತಿರುಗಿದರು. “ಹಳೇ ಸ್ಕ್ರೀನನ್ನ ನನ್ನೊಬ್ಬಳಿಗೆ ವಾಪಸ್ ಹಾಕಿಕೊಡಕ್ಕಾಗಲ್ವಾ ತಮ್ಮ? ಕುಂಟಿದ್ರೆ ಕುಂಟಲಿ.”

ಹಳೆಯದನ್ನು ಎಲ್ಲ ಕಡೆಯಿಂದಲೂ ತೆಗೆದುಹಾಕಿದ್ದರು. ಅದನ್ನೇ ಹೇಳಿದೆ. ಅಕ್ಕನಿಗೆ ಅರ್ಥವಾಯಿತು. ಟವಲು ಮಡಚಿ, ಸ್ವೆಟರ್ ಹೆಗಲಿಗೆ ಹಾಕಿಕೊಂಡರು.

“ಹೋಗ್ಲಿ ಬಿಡು. ನೀನೇನು ಅದರ ಯಜಮಾನನಾ?” ಎಂದರು.

ಈಗ ಕೌಂಟರ್ ಅಕ್ಕ ಅದೇ ಆಸ್ಪತ್ರೆಯ ಹೊರಬಾಗಿಲಲ್ಲಿ ಬಂದವರಿಗೆ ಟೋಕನ್ ಹರಿದು ಕೊಡುತ್ತಾರೆ. ವಾರ ಬಿಟ್ಟು ವಾರ ರಾತ್ರಿ ಪಾಳಿ. ಬೆಳಿಗ್ಗೆ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಮೊದಲು ಗಂಡನ ಮಗ್ಗುಲು ಬದಲಿಸುತ್ತಾರೆ.