ಹಗೇವಿಗೆ ಇಳಿಬಿಟ್ಟ ಟಾರ್ಚು

ಹಾರೋಹಳ್ಳಿ ಸುತ್ತಲ ಹೊಲಗಳು ಕಾರ್ಖಾನೆಗಳಿಗೆ ಹೋದ ಕಾಲದಲ್ಲಿ ನಮ್ಮ ಕಣವೂ ಹೋಯಿತು. ಕಣದ ಮೂಲೆಯಲ್ಲಿ ಅಜ್ಜ ತೋಡಿಸಿದ ಹಗೇವಿತ್ತು. ನೆಲದೊಳಗೆ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಆಳದ ಗುಂಡಿ. ಜಾಗ ಬಿಡುವ ಮೊದಲು ರಾಗಿ ತೆಗೆಯಬೇಕಿತ್ತು. ಲಾರಿ ಬೇರೆ ಬಂದು ನಿಂತಿತ್ತು.

ಹಗೇವು ತೆರೆದ ದಿನ ಯಾರೂ ಇಳಿಯಬಾರದು. ಮಾರನೆಯ ದಿನ ಲಾಟೀನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಮಾತು. ಆದರೆ ಲಾಟೀನು ಎಂದೋ ಗುಜರಿಗೆ ಹೋಗಿತ್ತು. ತುದಿಗಾಲಲ್ಲಿ ನಿಂತಿದ್ದ ಚಿಕ್ಕಪ್ಪ ಚಪ್ಪಡಿ ಸರಿಸಿದ ಕೂಡಲೇ ಹಗ್ಗಕ್ಕೆ ಟಾರ್ಚು ಕಟ್ಟಿ ಇಳಿಬಿಟ್ಟ. ಅದು ತಳದಲ್ಲಿ ಜಗಜಗ ಬೆಳಗಿತು. "ದೀಪ ಆರ್ನಿಲ್ಲ ಕಣಣ್ಣ, ಏನೂ ಆಗಾಕಿಲ್ಲ" ಎಂದು ಅಪ್ಪನಿಗೆ ಹೇಳಿ, ನಾನು ಕಾಫಿ ತರುವಷ್ಟರಲ್ಲಿ ಇಳಿದೇಬಿಟ್ಟಿದ್ದ. ಬ್ಯಾಟರಿಗೆ ಉಸಿರು ಬೇಕೇ? ಆ ಪೆದ್ದುತನ ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಳಗಿನಿಂದ ಏದುಸಿರು ಕೇಳಿಸಿತು. ನಾನಾಗ ಬಿಎಸ್ಸಿ ಓದುತ್ತಿದ್ದೆ. ಮೈಯೊಳಗಿನ ಇಂಗಾಲದ ಡೈಆಕ್ಸೈಡನ್ನು ರಕ್ತ ಹೇಗೆ ಹೊರುತ್ತದೆಂದು ಬಾಯಿಪಾಠ ಬರುತ್ತಿತ್ತು. ಬಹುಪಾಲು ಬೈಕಾರ್ಬೊನೇಟ್ ಆಗಿ, ಒಂದಿಷ್ಟು ಹಿಮೋಗ್ಲೋಬಿನ್‌ಗೆ ಅಂಟಿಕೊಂಡು, ಚೂರುಪಾರು ಹಾಗೇ ಕರಗಿ ಶ್ವಾಸಕೋಶ ತಲುಪಿ ಹೊರಹೋಗುತ್ತದೆ. ಅದು ಹೆಚ್ಚಿದರೆ ರಕ್ತ ಹುಳಿಯಾಗುತ್ತದೆ, ಜೋರಾಗಿ ಉಸಿರಾಡು ಎಂದು ಮಿದುಳು ಅಪ್ಪಣೆ ಕೊಡುತ್ತದೆ. ಎಂಥ ಒಳ್ಳೆಯ ಏರ್ಪಾಡು! ಆದರೆ ರಾಗಿ ಬಿಟ್ಟ ಅದೇ ಗಾಳಿ ಗುಂಡಿಯ ತುಂಬ ಕೂತಿತ್ತು. ಚಿಕ್ಕಪ್ಪನ ರಕ್ತಕ್ಕೆ ಹೊರೆ ಇಳಿಸಲು ಜಾಗವೇ ಇರಲಿಲ್ಲ. ಜೋರಾಗಿ ಎಳೆದಷ್ಟೂ ಅದೇ ಒಳಗೆ ಹೋಗುತ್ತಿತ್ತು. ಆಮೇಲೆ ಏದುಸಿರೂ ನಿಂತಿತು.

ಅಪ್ಪ ಪಂಚೆ ಎತ್ತಿ ಕಟ್ಟಿದ. ನಾನು ಅವನ ಸೊಂಟ ತಬ್ಬಿ ಹಿಡಿದೆ.

"ಬುಡವ್ವ, ನನ್ ತಮ್ಮ ಅವ್ನೆ ಒಳಗೆ!"

"ಇಳುದ್ರೆ ನೀನೂ ಬರಾಕಿಲ್ಲ ಕಣಪ್ಪ!"

ಅವನು ನನ್ನ ಜಡೆ ಹಿಡಿದೆಳೆದ, ಬೆನ್ನಿಗೆ ಗುದ್ದಿದ. ನಾನು ಬಿಡಲಿಲ್ಲ. ದೇವರೇ, ಯಾರಾದರೂ ಬನ್ನಿ ಎಂದು ಗಂಟಲು ಹರಿಯುವಂತೆ ಕಿರುಚಿದೆ. ಲಾರಿಯವರು ಓಡಿಬಂದು, ಹಗ್ಗಕ್ಕೆ ಕೊಕ್ಕೆ ಕಟ್ಟಿ ಚಿಕ್ಕಪ್ಪನನ್ನು ಎತ್ತಿದಾಗ ಅವನ ತುಟಿ ನೀಲಿಗಟ್ಟಿತ್ತು.

ಕನಕಪುರದ ಆಸ್ಪತ್ರೆಯಲ್ಲಿ ಡಾಕ್ಟರು ಅವನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ ತಲೆಯಾಡಿಸಿದರು. "ಈ ಹುಡುಗಿ ಹಿಡ್ಕೊಳ್ಳದೆ ಇದ್ದಿದ್ರೆ ಎರಡು ಹೆಣ ಆಗೋದು" ಎಂದರು.

ಅಪ್ಪ ಅವರತ್ತ ನೋಡಲಿಲ್ಲ. ನನ್ನನ್ನು ಕೇಳಿದ: "ಅಷ್ಟೆಲ್ಲ ಓದ್ದೋಳಿಗೆ ಅವ್ನ ಎತ್ತಾದು ಗೊತ್ತಾಗ್ನಿಲ್ವೇನವ್ವ? ನನ್ನ ಹಿಡ್ಕಳಾದು ಮಾತ್ರ ಗೊತ್ತಾಯ್ತಾ?"

ಎತ್ತುವುದು ಗೊತ್ತಿರಲಿಲ್ಲ.